ಕೊಂಡ ಕುರ್ಚಿ

ನಮ್ಮ ಮನೆಗೆ ಕುರ್ಚಿ ಬಂದು ಮೂರು ತಿಂಗಳಾಯಿತು. ಅವ್ವ ಇನ್ನೂ ಅದರ ಮೇಲೆ ಕುಂತಿಲ್ಲ.

ಮರಳವಾಡಿ ಹೋಬಳಿಯ ಕೇರಿಯೊಂದರಲ್ಲಿ ನಮ್ಮದು ದೇವರಾಜ ಅರಸರ ಕಾಲದ ಜನತಾ ಮನೆ. ಒಂದೇ ಕೋಣೆ, ತಲೆ ಮೇಲೆ ಶೀಟು. ಈ ಮನೆಯಲ್ಲಿ ಮೊದಲ ಸಲ ಬಿ.ಎ. ಅನ್ನೋದು ಆದ ಮೇಲೆ ಪುಸ್ತಕ ಬಂದವು, ಪುಸ್ತಕದ ಹಿಂದೆ ಗೆಳೆಯರು ಬಂದರು. ಬಂದವರನ್ನ ಎಲ್ಲಿ ಕೂರಿಸೋದು? ಕೈಯಲ್ಲಿದ್ದದ್ದು 4,000 ರೂಪಾಯಿ. ಅಷ್ಟರಲ್ಲೇ ಮನೆಗೆ ಕೈ ಹಾಕಿದೆವು.

ನಮ್ಮ ಸುತ್ತ ಹಿಪ್ಪುನೇರಳೆ ಹೊಲಗಳು. ರೇಷ್ಮೆ ಹುಳು ಗೂಡು ಕಟ್ಟಲೆಂದು ಹೆಣೆದ ಬಿದಿರ ಚಂದ್ರಿಕೆಗಳು, 6 ಅಡಿಗೆ 4 ಅಡಿಯವು, ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಎಷ್ಟೋ ಅಟ್ಟಗಳಲ್ಲಿ ಕೊಳೀತಾ ಬಿದ್ದಿವೆ. ಒಂದಕ್ಕೆ 20 ರೂಪಾಯಿಯಂತೆ ಆರು ಕೊಂಡೆವು. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಶೀಟಿನಿಂದ ಒಂದು ಗೇಣು ಕೆಳಗೆ ತಂತಿಯಲ್ಲಿ ಕಟ್ಟಿದೆವು. ನಡುವೆ ಗಾಳಿ ಆಡುತ್ತೆ, ಮಧ್ಯಾಹ್ನದ ಕಾವು ನೇರ ನೆತ್ತಿಗೆ ಇಳಿಯೋದಿಲ್ಲ. ಮಲಗಿ ನೋಡಿದರೆ ಸುರುಳಿ ಸುರುಳಿ. ನಾವೂ ಒಂಥರಾ ಹುಳುಗಳೇ ಅಂತ ಅಪ್ಪ ನಕ್ಕ.

ನೆಲಕ್ಕೆ ಕಲ್ಲು ಕುಯ್ಯುವ ಕಡೆ ಉಳಿದ ಗ್ರಾನೈಟ್ ಚೂರು. ಸಿಮೆಂಟು ಮರಳಿನ ಹಾಸಿಗೆ ಮಾಡಿ, ಸಂದಿಗೆ ಕೆಂಪು ಆಕ್ಸೈಡ್ ಕಲಸಿದ ಸಿಮೆಂಟು ತುಂಬಿದೆವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಪ್ಯಾಕಿಂಗ್ ಮರ ಗುಜರಿಯಲ್ಲಿ ಸಿಕ್ಕಿತು. ಮೊಳೆ ಕಿತ್ತು, ನೆಟ್ಟಗೆ ಮಾಡಿ, ಅದೇ ಮೊಳೆ ಹೊಡೆದು ಪುಸ್ತಕದ ಗೂಡು ಮಾಡಿದೆವು. ಗೋಡೆಗೆ ಸುಣ್ಣ, ಚೂರು ನೀಲಿ. ಇವೆಲ್ಲ ಸಲೀಸು.

ಕುರ್ಚಿಯದೇ ತಕರಾರು.

ಊರಿನ ದೊಡ್ಡಮನೆಯವರು ಹಳೇ ಸಾಮಾನು ತೆಗೀತಿದ್ದರು. ನಮ್ಮ ತಾತ ಆ ಜಗಲಿಯ ಕೆಳಗೆ ನಿಂತು ಕೂಲಿ ಕೇಳಿದವನು. ಅಂಗಳದಲ್ಲಿ ತೇಗದ ಕುರ್ಚಿ ಬಿದ್ದಿತ್ತು, ಬೆತ್ತ ಹರಿದಿತ್ತು. ರೇಟು ಕೇಳಿದೆವು.

‘ದುಡ್ಡೇನು ಬ್ಯಾಡ ಕಣ್ರೋ, ತಗಂಡೋಗಿ. ಯಾವಾಗ್ಲಾದ್ರು ಬಂದು ಕೊಟ್ಟಿಗೆ ಬಳಿದು ಹೋಗಿ.’

ಬೆಂಗಳೂರಲ್ಲಿ ಹಳೇ ಬಾಗಿಲು, ಹಳೇ ಮಂಚ ತಂದು ಮನೆ ಸಿಂಗರಿಸುವವರಿದ್ದಾರೆ. ಅವರಿಗದು ರುಚಿ. ನಮಗೆ ಹಳೇದು ಅನ್ನೋದು ಕಾನೂನಾಗಿತ್ತು ಗೆಳೆಯರೇ. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ: ಶೂದ್ರನಿಗೆ ಕೊಡಬೇಕಾದ್ದು ಎಂಜಲು ಅನ್ನ, ಹಳೇ ಬಟ್ಟೆ, ಜೊಳ್ಳು ಕಾಳು, ಜೊತೆಗೆ ಸವೆದುಹೋದ ಮನೆಸಾಮಾನು. ಚಂಡಾಲನಿಗಾದರೆ ಒಡೆದ ಪಾತ್ರೆ, ಹೆಣದ ಬಟ್ಟೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಸುಡಿಸಿದ ಪುಸ್ತಕದಲ್ಲಿ ಈ ಮುರುಕು ಕುರ್ಚಿಗೂ ಒಂದು ಜಾಗ ಇತ್ತು.

‘ಬಿಟ್ಟಿ ಬ್ಯಾಡ, ರೇಟು ಹೇಳಿ’ ಅಂದೆವು. ಯಜಮಾನರು ಮೊದಲು ನಕ್ಕರು, ಆಮೇಲೆ ಮುಖ ಗಂಟಿಕ್ಕಿದರು. ಕೊನೆಗೆ 350 ಅಂದರು. ಸರಿಯಾಗಿ ನೋಡಿದರೆ ಅದು ಇನ್ನೂರು ಬಾಳುತ್ತಿರಲಿಲ್ಲ. ಚೌಕಾಸಿ ಮಾಡಲಿಲ್ಲ, ಅದೊಂದು ನಮ್ಮ ದಂಡದ ಖರ್ಚು. ‘ಜಗಲಿ ಮೇಲೆ ಮಡಗಿ’ ಅಂದರು. ನಾವು ನೋಟು ಚಾಚಿಕೊಂಡೇ ನಿಂತೆವು. ಎಷ್ಟು ಹೊತ್ತೋ. ಅವರು ಕೈ ನೀಡಿ ಇಸಕೊಂಡರು.

ಮನೆಗೆ ತಂದು ಕಾಲು ತಟ್ಟಿದರೆ ಹಿಟ್ಟು ಉದುರಿತು, ಕುಟ್ಟೆ ಹುಳ. ತೂತುಗಳಿಗೆ ಸೀಮೆಎಣ್ಣೆ ಬಿಟ್ಟು ನಾಲ್ಕು ದಿನ ಬಿಸಿಲಿಗಿಟ್ಟೆವು. ಬೆತ್ತದ ಬದಲು ಮಂಚ ಹೆಣೆಯುವ ನೈಲಾನ್ ಹಗ್ಗ ಬಿಗಿದೆವು. ಹಳೇ ಪಾಲಿಷ್ ಉಜ್ಜಿ ತೆಗೆದಾಗ ಒಳಗಿನ ಮರ ಜೇನುಬಣ್ಣ.

ಅವ್ವ ಮಾತ್ರ, ‘ಅವುರ್ ಕುಂತಿದ್ದಲ್ವಾ’ ಅಂತಾಳೆ.

‘ದುಡ್ಡು ಕೊಟ್ಟಿದ್ದೀವಲ್ಲವ್ವ.’

‘ಗೊತ್ತು ಕಣ್ರೋ.’

ಅದಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕುಂತು ಅಡಿಕೆ ಕತ್ತರಿಸುತ್ತಾಳೆ. ಒಂದು ಕಾಲು ಅಲ್ಲಾಡುತ್ತಿತ್ತು. ಮೊನ್ನೆ ಅದರಡಿಗೆ ಒಂದು ಕಲ್ಚೂರು ಕೊಟ್ಟವಳು ಅವಳೇ.