ಮೊಂತಿ ಹಬ್ಬದ ಮನೆಯಲ್ಲಿ ಕಳೆದುಹೋದ ಕುರಿ

ಆಗಸ್ಟ್ ಕೊನೆಯ ವಾರ ಮಗನ ಪ್ಲೇ ಸ್ಕೂಲಿನಿಂದ ಮೂರನೇ ಸಲ ಮೆಸೇಜ್ ಬಂತು. ಆಟದ ಸಾಮಾನು ಹಂಚಿಕೊಳ್ಳಲ್ಲ, ಕಿತ್ಕೊಳ್ತಾನೆ, ಇವತ್ತು ಪಕ್ಕದ ಹುಡುಗನ ಕೈ ಕಚ್ಚಿದಾನೆ ಅಂತ. ಅವನಿಗಿನ್ನೂ ನಾಲ್ಕು ವರ್ಷ. ನಾನು ಎಂದಿನಂತೆ ಪರಿಹಾರವನ್ನು ಫೋನಿನಲ್ಲೇ ಹುಡುಕಿದೆ. ದಿನಕ್ಕೊಂದು ಒಳ್ಳೆ ಗುಣ ಕಲಿಸುವ ಆ್ಯಪ್ ಸಿಕ್ಕಿತು. ನಾಲ್ಕು ಪಾಠ ಮುಗಿಸಿದ ಮಗನಿಗೆ 'ಶೇರಿಂಗ್ ಸ್ಟಾರ್' ಕೂಡ ಬಂತು. ಆ ಸ್ಟಾರನ್ನು ಬೇರೆ ಯಾರಾದರೂ ನೋಡಿಬಿಟ್ಟಾರು ಅಂತ ಅವನು ಟ್ಯಾಬನ್ನು ಎದೆಗೆ ಅವಚಿಕೊಂಡು ಕೂತಿದ್ದ!

ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿ ಇದನ್ನು ಕೇಳಿ ಬಿದ್ದೂ ಬಿದ್ದೂ ನಕ್ಕಳು. "ಮೊಂತಿ ಹಬ್ಬಕ್ಕೆ ನಮ್ಮ ಮನೆಗೆ ಬಾ ಮಾರಾಯ್ತಿ. ನನ್ನ ಅಮ್ಮ ಇಪ್ಪತ್ತೆಂಟು ವರ್ಷ ಬಾಲವಾಡಿ ನಡೆಸಿದವರು. ನಾಲ್ಕು ದಿನ ಅವರ ಹತ್ರ ಬಿಡು ಇವನನ್ನು" ಅಂದಳು.

ನಾವು ಹಾಸನದ ಕಡೆಯವರು. ಚರ್ಚು ಅಂದರೆ ನನಗೆ ಕ್ರಿಸ್‌ಮಸ್ ದಿನ ಹೊರಗಿನಿಂದ ನೋಡುವ ಲೈಟು, ನಕ್ಷತ್ರ, ಅಷ್ಟೇ. ಆದರೂ ರಜೆ ಹಾಕಿ, ಸೋಮವಾರ ಒಂದಿನ ವರ್ಕ್ ಫ್ರಮ್ ಹೋಮ್ ಅಂತ ಹೇಳಿ, ಗುರುವಾರ ರಾತ್ರಿ ಬಸ್ ಹತ್ತಿದೆ. ಶಿರಾಡಿ ಘಾಟಿ ಇಳಿಯುವಾಗ ಮಳೆ ಶುರುವಾದದ್ದು ಬಂಟ್ವಾಳದವರೆಗೂ ಬಿಡಲಿಲ್ಲ.

ಬಿ.ಸಿ. ರೋಡ್ ದಾಟಿ ಮಂಗಳೂರಿನ ಕಡೆ ಹೋಗುವಾಗ ಫರಂಗಿಪೇಟೆ ಸಿಗುತ್ತದೆ. ಪಕ್ಕದಲ್ಲೇ ನೇತ್ರಾವತಿ. ಮೊಂತಿ ಅನ್ನೋ ಹೆಸರು ಹುಟ್ಟಿದ್ದೇ ಇಲ್ಲಿಯ ಮೊಂತೆ ಮರಿಯಾನೊ ಚರ್ಚಿನಿಂದ. ಮೊಂತೆ ಅಂದರೆ ಪೋರ್ಚುಗೀಸಿನಲ್ಲಿ ಗುಡ್ಡ. 1763ರಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂಡಾ ಇಲ್ಲಿ ಈ ಹಬ್ಬ ಶುರುಮಾಡಿದರು ಅನ್ನುತ್ತಾರೆ. ಸೆಪ್ಟೆಂಬರ್ 8, ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಅದೇ ತೆನೆ ಹಬ್ಬವೂ ಹೌದು. ತುಳುನಾಡಿನ ಹಿಂದೂ ಮನೆಗಳಲ್ಲೂ ಹೊಸ ತೆನೆ ತಂದು ಬಾಗಿಲಿಗೆ ಕಟ್ಟುತ್ತಾರಲ್ಲ, ಮಣ್ಣು ಅದೇ, ಭತ್ತವೂ ಅದೇ.

ಗೆಳತಿಯ ಮನೆ ಮುಖ್ಯ ರಸ್ತೆಯಿಂದ ಒಳಗೆ, ಅಡಿಕೆ ತೋಟದ ನಡುವೆ. ಕೆಂಪು ಹಂಚಿನ ಮಾಡು, ಅಂಗಳದ ಮೂಲೆಯಲ್ಲಿ ಬಾವಿ. ಮಕ್ಕಳೆಲ್ಲ ಅವಳ ಅಮ್ಮನನ್ನು 'ಶಾಮಾಯ್' ಅನ್ನುತ್ತಾರೆ, ಅಂದರೆ ಅಜ್ಜಿ. ನಾನು ಮೊದಲ ದಿನ ಆಂಟಿ ಅಂತಿದ್ದವಳು ಎರಡನೇ ದಿನಕ್ಕೆ ಮಗನ ಜೊತೆ ನಾನೂ ಶಾಮಾಯ್ ಅನ್ನತೊಡಗಿದೆ.

ಹಬ್ಬಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ. ಇದು ಪೂರ್ತಿ ಮಕ್ಕಳ ರಾಜ್ಯ. ದಿನಾ ಹೂ ಕಿತ್ತು ತರಬೇಕು, ಪೂಜೆ ಮುಗಿದ ಮೇಲೆ ಸಾಲಾಗಿ ಹೋಗಿ ಪುಟಾಣಿ ಮರಿಯಮ್ಮನ ಮೂರ್ತಿಗೆ ಹಾಡಿನ ಜೊತೆ ಎರಚಬೇಕು. ಶಾಮಾಯ್ ಮನೆಯಲ್ಲಿ ಒಂದೇ ಷರತ್ತು: ಅಂಗಡಿಯ ಹೂ ಬೇಡ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಗೆಳತಿಯ ಐದು ವರ್ಷದ ಮಗಳು, ಅಕ್ಕಪಕ್ಕದ ಮನೆಯ ನಾಲ್ಕೈದು ಮಕ್ಕಳು, ನನ್ನ ಮಗ, ಎಲ್ಲಾ ಕೊಡೆ ಹಿಡಿದು ಬೇಲಿ ಬೇಲಿ ಸುತ್ತಿದರು. ದಾಸವಾಳ, ಕೇಪುಳ, ಗೌರಿ ಹೂ. ಪಕ್ಕದ ಮನೆಯ ಬೇಲಿಯಾದರೆ ಮೊದಲು ಕೂಗಿ ಕೇಳಬೇಕು. ಮಗ ಕೇಳದೆ ಕೈ ಹಾಕಿದ. "ಕೇಳು, ಕೊಡ್ತಾರೆ" ಅಂತ ಹುಡುಗಿ ಹೇಳಿದಳು. ಇವನು ಕೂಗಿದ. ಒಳಗಿನಿಂದ ಯಾರೋ "ತಕೊಳ್ಳಿ ಮಕ್ಕಳೇ" ಅಂದರು. ಅವನಿಗೆ ಆಶ್ಚರ್ಯ. ಕೇಳಿದರೆ ಸಿಗುತ್ತೆ ಅನ್ನೋದೇ ಅವನಿಗೆ ಹೊಸ ಸುದ್ದಿ ಅನ್ನಿಸಿತು ನನಗೆ.

ಆದರೆ ಚರ್ಚಿನಲ್ಲಿ ಸರದಿ ಬಂದಾಗ ಚೀಲ ಬಿಡಲಿಲ್ಲ. "ಇದು ನಂದು. ನಾನೇ ಕಿತ್ತಿದ್ದು." ಹಿಂದೆ ಸಾಲು ನಿಂತಿದೆ, ನನ್ನ ಮುಖ ಕೆಂಪಗಾಗಿದೆ. ಬೈಯೋಕೆ ಬಗ್ಗಿದೆ. ಅಷ್ಟರಲ್ಲಿ ಶಾಮಾಯ್ ಅವನ ತಲೆ ಸವರಿ, "ಇಟ್ಟುಕೊ ಮಗಾ, ನಾಳೆ ನೋಡುವ" ಅಂತ ಪಕ್ಕಕ್ಕೆ ಕರೆದುಕೊಂಡರು. ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ದಾಸವಾಳವೆಲ್ಲ ಮುದ್ದೆ. ಅವನು ಒಂದೊಂದೇ ತೆಗೆದು ನೋಡಿದ, ಅಳಲಿಲ್ಲ. ಯಾರೂ ಏನೂ ಹೇಳಲಿಲ್ಲ. ನನಗೆ ಹೇಳಬೇಕು ಅಂತ ನಾಲಿಗೆ ತುರಿಸುತ್ತಿತ್ತು, ಶಾಮಾಯ್ ಕಣ್ಣಲ್ಲೇ ತಡೆದರು. ಶನಿವಾರ ಅರ್ಧ ಚೀಲ ಎರಚಿದ. ಇನ್ನರ್ಧ ಮನೆಗೆ ತಂದ.

ರಾತ್ರಿ ಊಟ ಆದ ಮೇಲೆ ಕಥೆ. ಶಾಮಾಯ್ ಸಾಮಾನು ಇಷ್ಟೇ: ಒಂದು ಗೆರಸೆ, ಒಂದು ಡಬ್ಬಿ ಹುಣಸೆಬೀಜ. ಕುರುಬನಿಗೆ ನೂರು ಕುರಿ, ಒಂದು ಕಾಣೆಯಾಯಿತು ಅಂತ ಏಸು ಹೇಳಿದ ಕಥೆ ಲೂಕನ ಪುಸ್ತಕದಲ್ಲಿದೆ. ಶಾಮಾಯ್ ಗೆರಸೆಯಲ್ಲಿ ಬೀಜ ಹರಡಿ, ಮಕ್ಕಳು ಕಣ್ಣು ಮುಚ್ಚಿದಾಗ ಒಂದನ್ನು ಮುಷ್ಟಿಯೊಳಗೆ ಅಡಗಿಸುತ್ತಾರೆ. ಎಣಿಸೋಕೆ ಬಾರದ ಮಕ್ಕಳೂ ಎಣಿಸಲು ಕೂರುತ್ತವೆ. ಕುರುಬ ಗುಡ್ಡ ಹತ್ತುತ್ತಾನೆ, ಹಳ್ಳ ಇಳಿಯುತ್ತಾನೆ, ಮುಳ್ಳು ಚುಚ್ಚುತ್ತದೆ. ಕೊನೆಗೆ ಮುಷ್ಟಿ ಬಿಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿ ಕೂಗಬೇಕು. ಕಥೆ ಅಲ್ಲಿಗೆ ಮುಗಿಯಿತು. ನಾನು ಅಭ್ಯಾಸಬಲದಿಂದ "ಇದರಿಂದ ಏನು ಕಲಿತ್ರಿ?" ಅಂತ ಕೇಳಿಬಿಟ್ಟೆ. ಹುಡುಗಿ ತಟ್ಟನೆ "ದೇವರು ನಮ್ಮನ್ನು ಪ್ರೀತಿಸ್ತಾನೆ" ಅಂತ ಒಪ್ಪಿಸಿ ಆಟಕ್ಕೆ ಓಡಿದಳು.

ಮಕ್ಕಳು ಮಲಗಿದ ಮೇಲೆ ಶಾಮಾಯ್ ಹೇಳಿದರು: "ಹಾಗೆ ಕೇಳಬಾರದು. ಕೇಳಿದ್ರೆ ನಮಗೆ ಬೇಕಾದ್ದನ್ನು ಹೇಳಿ ಕಥೆಯನ್ನು ಅಲ್ಲೇ ಬಿಟ್ಟು ಹೋಗ್ತವೆ. ಕೇಳದಿದ್ರೆ ಜೊತೆಗೆ ತಕೊಂಡು ಹೋಗ್ತವೆ."

ಅವರ ಬಾಲವಾಡಿಯಲ್ಲಿ ಎಲ್ಲಾ ಜಾತಿಯ ಮಕ್ಕಳಿದ್ದರಂತೆ, ಬ್ಯಾರಿ ಮಕ್ಕಳೂ. ಪ್ರಾರ್ಥನೆ ಕ್ಯಾಥೊಲಿಕ್ ಮಕ್ಕಳಿಗೆ ಮಾತ್ರ, ಕಥೆ ಮತ್ತು ಆಟ ಎಲ್ಲರಿಗೂ. ಒಳ್ಳೆಯ ಸಮಾರ್ಯದವನ ಕಥೆ ಆಡಿಸುವಾಗ ದೊಡ್ಡ ತಲೆನೋವು ಏನು ಗೊತ್ತಾ? ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಇಬ್ಬರು ದೊಡ್ಡ ಮನುಷ್ಯರು ನೋಡಿಯೂ ದಾಟಿ ಹೋಗುತ್ತಾರೆ, ಮೂರನೆಯವನು, ಅವರಿಗೆ ಆಗದ ಸೀಮೆಯವನು, ಗಾಯ ಕಟ್ಟಿ ತನ್ನ ಕತ್ತೆಯ ಮೇಲೆ ಹತ್ತಿಸಿ ಕರೆದೊಯ್ಯುತ್ತಾನೆ. ಮಕ್ಕಳಿಗೆ ಸಮಾರ್ಯದವನಾಗುವ ಆಸೆಯೇ ಇಲ್ಲ. ಎಲ್ಲರಿಗೂ ಕತ್ತೆಯೇ ಆಗಬೇಕು. ಕೊನೆಗೆ ಮೂರು ಕತ್ತೆ ಇಟ್ಟು ಆಡಿಸುತ್ತಿದ್ದರಂತೆ.

ಐದು ರೊಟ್ಟಿ, ಎರಡು ಮೀನಿನ ಕಥೆಯಲ್ಲಿ ಅವರು ತಪ್ಪು ಮಾಡಿದ್ದೂ ಉಂಟು. ಹುಡುಗನೊಬ್ಬ ತನ್ನ ಬುತ್ತಿ ಕೊಟ್ಟ, ಅದೇ ಸಾವಿರಾರು ಜನರಿಗೆ ಸಾಲುವಷ್ಟಾಯಿತು ಅನ್ನೋದು ಕಥೆ. ಶಾಮಾಯ್ ಹೇಳುವಾಗ ಆ ಮೀನು ಬಂಗುಡೆ. ಮೊದಮೊದಲು ಮಕ್ಕಳಿಗೆ ಮನೆಯಿಂದ ತಿಂಡಿ ತಂದು ನಡುವೆ ಇಡಲು ಹೇಳುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ಏನೂ ತರದೆ ಬಾಗಿಲ ಹಿಂದೆ ನಿಂತುಬಿಟ್ಟಳು. ಮನೆಯಲ್ಲಿ ಇರಲಿಲ್ಲ. "ಕೊಡುವುದು ಕಲಿಸಲಿಕ್ಕೆ ಹೋಗಿ ಒಂದು ಮಗುವಿಗೆ ನಾಚಿಕೆ ಕಲಿಸಿದೆ" ಅಂತ ಇವತ್ತಿಗೂ ಕೊರಗುತ್ತಾರೆ. ಆಮೇಲೆ ಕ್ರಮ ಬದಲಾಯಿಸಿದರು. ಮೊದಲು ಅವರೇ ಪ್ರತಿ ಮಗುವಿನ ಕೈಗೆ ಒಂದು ಮುಷ್ಟಿ ಅವಲಕ್ಕಿ ಹಾಕುವುದು, ಅದರಿಂದ ಮಕ್ಕಳು ತಮಗೆ ಬೇಕಾದಷ್ಟು ನಡುವಿನ ಬಟ್ಟಲಿಗೆ ಹಾಕುವುದು. ಕೊಡಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ. ನಾನು ಆ್ಯಪಿನಲ್ಲಿ ಎಲ್ಲೂ ಇದನ್ನು ಓದಿರಲಿಲ್ಲ.

ಭಾನುವಾರ ಮಂಗಳೂರಿಗೆ ಹೋಗಿ ಸಂತ ಅಲೋಶಿಯಸ್ ಚಾಪೆಲ್ ನೋಡಿದೆವು. ಇಟಲಿಯ ಜೆಸ್ವಿಟ್ ಸಹೋದರ ಆಂತೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಬಂದು ಗೋಡೆ, ಮಾಡು ತುಂಬಾ ಬಿಡಿಸಿದ ಚಿತ್ರಗಳು. ಮೇಲೆ ಅಲೋಶಿಯಸ್ಸನ ಜೀವನ: ಸಿರಿವಂತ ಮನೆತನದ ಹಿರಿಮಗ, ಹಕ್ಕು ಆಸ್ತಿ ಎಲ್ಲಾ ಬಿಟ್ಟವನು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆಗೆ ಹೋಗಿ ರೋಗ ತಗುಲಿ 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡವನು. ಒಂದು ಸಲಕ್ಕೆ ಒಂದೇ ಕಥೆ ಅನ್ನೋದು ಶಾಮಾಯ್ ನಿಯಮ, ಅವತ್ತಿನದು ಇದೇ. ಮಗ ಕತ್ತೆತ್ತಿ ನೋಡುತ್ತಲೇ ಕೇಳಿದ, "ಈ ಅಣ್ಣಂಗೆ ಯಾಕೆ ಜ್ವರ ಬಂತು?" "ಕಾಯಿಲೆಯವರನ್ನು ಎತ್ತಿಕೊಂಡಿದ್ದಕ್ಕೆ." "ಹಾಗಾದ್ರೆ ಎತ್ತಿಕೋಬಾರ್ದಿತ್ತು." ಶಾಮಾಯ್ "ಹೌದಾ?" ಅಂದರು, ಅಷ್ಟೇ. ನಾಲ್ಕು ವರ್ಷದವನಿಗೆ ಇದೆಂಥ ಕಥೆ ಅಂತ ನನಗೆ ಒಳಗೊಳಗೇ ಸಿಟ್ಟು ಬಂತು. ಈಗಲೂ ಪೂರ್ತಿ ಹೋಗಿಲ್ಲ. ಚಾಪೆಲ್ ಮಾತ್ರ ಯಾರೇ ಆದರೂ ಒಮ್ಮೆ ನೋಡಬೇಕಾದದ್ದು.

ಸೋಮವಾರ ಹಬ್ಬ. ಅಂಗಳದಲ್ಲಿ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ಚರ್ಚಿಗೆ ತಂದರು. ಮಗ ಚೀಲ ಖಾಲಿ ಮಾಡಿದನೋ ಅಂತ ಕೇಳುತ್ತೀರಿ ಅಲ್ವಾ? ನಾಲ್ಕು ಹೂ ಜೇಬಿನಲ್ಲಿ ಉಳಿಸಿಕೊಂಡ. ಹೂ ತಂದ ಮಕ್ಕಳಿಗೆಲ್ಲ ಕಬ್ಬು ಕೊಟ್ಟರು. ಒಂಬತ್ತು ದಿನವೂ ಬಂದವರಿಗೂ ನಾಲ್ಕೇ ದಿನ ಬಂದ ಇವನಿಗೂ ಒಂದೇ ಅಳತೆ. ಇದು ಲಂಚ ಅಲ್ವಾ ಅಂತ ನಾನು ಗೆಳತಿಯನ್ನು ಚುಡಾಯಿಸಿದೆ. "ಲಂಚ ಆದ್ರೆ ಮೊದಲೇ ಹೇಳ್ಬೇಕಿತ್ತಲ್ಲ" ಅಂದಳು.

ಮನೆಗೆ ಬಂದು ತೆನೆಯ ಭತ್ತ ಸುಲಿಯುವ ಕೆಲಸ ಮಕ್ಕಳಿಗೆ. ಆ ಕಾಳನ್ನು ಪುಡಿಮಾಡಿ ಹಾಲಿಗೆ ಸೇರಿಸಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಇದಕ್ಕೆ 'ನೊವೆಂ' ಅನ್ನುತ್ತಾರೆ. ಆಮೇಲೆ ಬಾಳೆಲೆ ಊಟ, ಅವತ್ತು ಮೀನು ಮಾಂಸ ಇಲ್ಲ. ಕೆಸುವಿನ ದಂಟು, ಅಂಬಟೆ, ಬೆಂಡೆ, ಗೇರುಬೀಜ ಹಾಕಿದ ತೊಂಡೆಕಾಯಿ, ಪಾಯಸ. ಪದಾರ್ಥಗಳ ಲೆಕ್ಕ ಬೆಸಸಂಖ್ಯೆಯಲ್ಲೇ ಇರಬೇಕು. ಮನೆಯವರು ಯಾರಾದರೂ ಹೊರಗಿದ್ದರೆ ಅವರ ಪಾಲಿನ ಕಾಳು ಎತ್ತಿಡುತ್ತಾರೆ. ಗೆಳತಿಯ ಗಂಡ ದುಬೈಯಲ್ಲಿ. ಹುಡುಗಿ ಅಪ್ಪನಿಗೆ ಅಂತ ಏಳು ಕಾಳು ಎಣಿಸಿ ಲಕೋಟೆಗೆ ಹಾಕಿದಳು.

ಅಡುಗೆ ಆಗುವ ತನಕ ಮಕ್ಕಳು ಕುರಿ-ಕುರುಬ ಆಡಲು ಹೊರಟರು. ಹುಡುಗಿ ಕುರುಬ, ನನ್ನ ಮಗ ಕಳೆದುಹೋಗುವ ಕುರಿ. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಹದಿನೈದು ನಿಮಿಷದ ಕಾಲ್ ಐವತ್ತು ನಿಮಿಷ ಎಳೆಯಿತು. ಮುಗಿಸಿ ತಲೆಯೆತ್ತಿದರೆ ಎಲೆ ಹಾಕಿದ್ದಾರೆ, ಮಕ್ಕಳೆಲ್ಲ ಸಾಲಾಗಿ ಕೂತಿದ್ದಾರೆ, ಕುರುಬನೂ ಕೂತಿದ್ದಾಳೆ. ಇವನಿಲ್ಲ.

"ಹುಡುಕಿದೆ, ಸಿಗಲಿಲ್ಲ. ಹಸಿವಾಯ್ತು, ಬಂದೆ" ಅಂದಳು ಹುಡುಗಿ.

ನಾನು ಮೊದಲು ಓಡಿದ್ದು ಬಾವಿಗೆ. ಆ ಹತ್ತು ಹೆಜ್ಜೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಬಾವಿಗೆ ಕಬ್ಬಿಣದ ಬಲೆ ಇತ್ತು, ಬೀಗವೂ ಇತ್ತು, ಆದರೂ ಬಗ್ಗಿ ನೋಡಿದೆ. ತೋಟದ ತೋಡಿನಲ್ಲಿ ನೀರು ರಭಸದಲ್ಲಿ ಹೋಗುತ್ತಿತ್ತು. ಶಾಮಾಯ್ ಅನ್ನದ ಸೌಟು ಕೆಳಗಿಟ್ಟು, "ಏಳಿ ಎಲ್ಲರೂ. ಅವನು ಬರದೆ ಊಟ ಇಲ್ಲ" ಅಂದರು. ಊಟಕ್ಕೆ ಬಂದ ನೆಂಟರು, ಮಕ್ಕಳು, ಪಕ್ಕದ ಮನೆಯವರು, ಎಲ್ಲಾ ಮಳೆಯಲ್ಲಿ ಅವನ ಹೆಸರು ಕೂಗುತ್ತಾ ಚದುರಿದರು. ಗೆಳತಿ ಮಗಳನ್ನು ಗದರಲು ಬಾಯಿ ತೆರೆದಳು. ಶಾಮಾಯ್ ಬಿಡಲಿಲ್ಲ. ಹುಡುಗಿಯ ಕೈ ಹಿಡಿದು, "ಕುರುಬ ನೀನಲ್ವಾ? ಬಾ, ನೀನು ನೋಡದ ಜಾಗ ಯಾವುದು?" ಅಂತಷ್ಟೇ ಕೇಳಿದರು. ಅವಳು ಅಳುತ್ತಲೇ ಸೌದೆ ಕೊಟ್ಟಿಗೆ ತೋರಿಸಿದಳು. ಅಲ್ಲಿ ಕತ್ತಲೆ, ಅವಳಿಗೆ ಹೆದರಿಕೆ, ಅದಕ್ಕೇ ಹೋಗಿರಲಿಲ್ಲವಂತೆ.

ಇಬ್ಬರೂ ಒಳಗೆ ಹೋದರು. ಒಣ ತೆಂಗಿನ ಗರಿಯ ಹಿಂದೆ ಇವನು ನಿದ್ದೆ ಹೋಗಿದ್ದ. ಕೆನ್ನೆಯ ಮೇಲೆ ಅತ್ತ ಗುರುತು. ಹುಡುಗಿ ಅವನನ್ನು ಎತ್ತಿಕೊಳ್ಳಲು ನೋಡಿದಳು, ಆಗಲಿಲ್ಲ, ದರದರ ಎಳೆದುಕೊಂಡೇ ಅಂಗಳಕ್ಕೆ ಬಂದಳು. ಮಕ್ಕಳು ಚಪ್ಪಾಳೆ ತಟ್ಟಿ ಕೂಗಿದವು. ಕಥೆಯಲ್ಲಿ ಅಲ್ಲಿ ಚಪ್ಪಾಳೆ ಇದೆಯಲ್ಲ! ನಾನು ಮಾತ್ರ ಒದ್ದೆ ಜಗಲಿಯಲ್ಲಿ ಕುಸಿದು ಕೂತಿದ್ದೆ. ಮಗ ನನ್ನ ಹತ್ತಿರ ಬಂದು, "ನೀನು ಯಾಕೆ ಹುಡುಕೋಕೆ ಬರಲಿಲ್ಲ?" ಅಂದ. ಬಂದೆ ಕಂದಾ, ತಡವಾಯ್ತು ಅಂದೆ. "ನಾನು ತುಂಬಾ ಹೊತ್ತು ಕಾದೆ."

ಊಟಕ್ಕೆ ಕೂತಾಗ ಮೂರು ಗಂಟೆ. ಹುಡುಗಿ ಮುಖ ಊದಿಸಿಕೊಂಡೇ ಇದ್ದಳು. ಇವನು ಜೇಬಿನಿಂದ ಒಂದು ಕೇಪುಳ ತೆಗೆದು ಅವಳ ಎಲೆಯ ತುದಿಗಿಟ್ಟ. ಬಾಡಿ ಹೋಗಿತ್ತು. ಅವಳು ಅದನ್ನು ತಳ್ಳಿದಳು.

ಬೆಂಗಳೂರಿಗೆ ಬಂದ ವಾರದಲ್ಲೇ ಸ್ಕೂಲಿನಿಂದ ಮತ್ತೆ ಮೆಸೇಜ್ ಬಂತು, ಈ ಸಲ ಬಣ್ಣದ ಪೆನ್ಸಿಲ್ ವಿಷಯ. ಕಚ್ಚಲಿಲ್ಲ, ಕಿತ್ತುಕೊಂಡ ಅಷ್ಟೇ. ಬಟ್ಟಲಿಗೆ ಅವಲಕ್ಕಿ ಹಾಕುವ ಆಟ ದಿನಾ ಸಂಜೆ ಆಡುತ್ತೇವೆ. ಮೂರು ಕಾಳು ಹಾಕುತ್ತಾನೆ, ಕೆಲವು ದಿನ ಅದನ್ನೂ ವಾಪಸ್ ಹೆಕ್ಕುತ್ತಾನೆ. ಆ್ಯಪ್ ತೆಗೆದುಹಾಕಿದೆ. ನಿನ್ನೆ ಏಳು ಗಂಟೆಗೆ ನಾನು ಕಾಲ್‌ನಲ್ಲಿದ್ದಾಗ ಹಾಲಿನ ಪರದೆ ಹಿಂದಿನಿಂದ ದನಿ ಬಂತು: "ಅಮ್ಮಾ, ನಾನು ಕಳೆದುಹೋಗಿದೀನಿ!" ಪರದೆಯ ಕೆಳಗೆ ಎರಡೂ ಪಾದ ಕಾಣುತ್ತಿದ್ದವು. ಮೀಟಿಂಗ್ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಮೈಕ್ ಆಫ್ ಮಾಡಿ, ಮೊದಲು ಸೋಫಾದ ಕೆಳಗೆ ಹುಡುಕಿದೆ.