ಬುತ್ತಿ ಮತ್ತು ಬೂಚು

ಪರರ ಪಂಕ್ತಿಯಲ್ಲಿ ಕುಳಿತು ಸ್ವಂತದ ಪದಾರ್ಥವನ್ನು ಉಣ್ಣಬಹುದೋ ಉಣ್ಣಬಾರದೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ತೀರ ಸಣ್ಣದು. ಆದರೆ ಸಣ್ಣವೆಂದು ತೋರುವ ಇಂಥ ಪ್ರಶ್ನೆಗಳಲ್ಲಿಯೇ ಮನೆತನದ ಮರ್ಯಾದೆಯು ಅಡಗಿರುವದೆಂಬದನ್ನು ಸಂಸಾರಸ್ಥರಾದ ವಾಚಕರು ಬಲ್ಲರು. ಬೀಗರ ಮನೆಗೆ ಹೋದವರು ತಮ್ಮ ಗಂಟಿನೊಳಗಿನ ಚಟ್ನಿಯನ್ನು ಬಿಚ್ಚಿ ತಮ್ಮ ಎಲೆಗಷ್ಟೇ ಹಾಕಿಕೊಂಡರೆ ಬೀಗಿತಿಯ ಮೋರೆಯು ಬಾಡುವದು. ಅದೇ ಚಟ್ನಿಯನ್ನು ಅಡಿಗೆಮನೆಗೆ ಕೊಟ್ಟು ‘ಎಲ್ಲರಿಗೂ ಬಡಿಸಿರಿ’ ಎಂದರೆ ಅರಳುವದು. ಪದಾರ್ಥವು ಒಂದೇ, ತಂದವರೂ ಅವರೇ. ತಂದ ರೀತಿಯು ಮಾತ್ರ ಬೇರೆ.

ನಮ್ಮ ಮುರಗೋಡದ ಸೀಮೆಯಲ್ಲಿ ಬುತ್ತಿ ಇಲ್ಲದ ಪ್ರಯಾಣವೆಂಬದೇ ಇಲ್ಲ. ಬನದ ಹುಣ್ಣಿವೆಗಾಗಲಿ ಭಾರತ ಹುಣ್ಣಿವೆಗಾಗಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವದಿದ್ದರೆ, ಎರಡು ಮೂರು ದಿನ ಮೊದಲೇ ಮನೆಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳವು ಕೇಳಿಬರುವದು. ಖಡಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮಾದಲಿ — ಇವೆಲ್ಲವೂ ಬಟ್ಟೆಯ ಗಂಟಿನಲ್ಲಿ ಕುಳಿತ ಮೇಲೆಯೇ ಬಂಡಿಗೆ ಎತ್ತು ಹೂಡುವದು. ನಾವು ಶಾಲೆಯ ಸೇವೆಯಲ್ಲಿದ್ದಾಗ ಸರಕಾರೀ ಕೆಲಸಕ್ಕಾಗಿ ತಾಲೂಕಿನ ಊರಿಗೆ ಹೋದರೆ, ಬಸ್ ನಿಲ್ದಾಣದ ಬದಿಯ ಚಹದ ಅಂಗಡಿಯಲ್ಲಿ ಬುತ್ತಿಯನ್ನು ಬಿಚ್ಚುತ್ತಿದ್ದೆವು. ಅಂಗಡಿಯವನು ತಾನಾಗಿಯೇ ನೀರಿನ ತಂಬಿಗೆಯನ್ನು ತಂದಿಡುವನು. ಉಂಡಾದ ಬಳಿಕ ಅವನಲ್ಲಿ ಚಹ ಕುಡಿದು ಏಳುವದು ನಮ್ಮ ಪಾಲಿನ ಧರ್ಮ. ಯಾವ ಫಲಕದ ಮೇಲೆಯೂ ಬರೆಯದ ಕರಾರು ಇದು. ಆದರೂ ಅದನ್ನು ಮುರಿದವರನ್ನು ನಾವು ಕಂಡಿಲ್ಲ.

ಸಂಸ್ಕೃತದಲ್ಲಿ ಬುತ್ತಿಗೆ ‘ಪಾಥೇಯ’ವೆಂದು ಹೆಸರು, ಪಥದಲ್ಲಿ ಉಪಯೋಗಕ್ಕೆ ಬರುವದು ಪಾಥೇಯ. ಕಾಳಿದಾಸನು ಮೇಘದೂತದಲ್ಲಿ ಮಾನಸಸರೋವರಕ್ಕೆ ಹೊರಟ ರಾಜಹಂಸಗಳಿಗೂ ಕಮಲದ ಎಳೆದಂಟಿನ ತುಣುಕುಗಳನ್ನು ಪಾಥೇಯವಾಗಿ ಕಟ್ಟಿಕೊಟ್ಟಿದ್ದಾನೆ. ಇನ್ನು ಬೌಧಾಯನನ ಧರ್ಮಸೂತ್ರದಲ್ಲಿ ದಕ್ಷಿಣದೇಶದವರಿಗೆ ಐದು, ಉತ್ತರದೇಶದವರಿಗೆ ಐದು ವಿಶಿಷ್ಟ ಆಚಾರಗಳನ್ನು ಎಣಿಸಲಾಗಿದೆ. ದಕ್ಷಿಣದವರ ಪಟ್ಟಿಯಲ್ಲಿ ತಂಗಳನ್ನು ಉಣ್ಣುವದು ಒಂದು; ಉತ್ತರದವರ ಪಟ್ಟಿಯಲ್ಲಿ ಸೀಧುವೆಂಬ ಮದ್ಯವನ್ನು ಕುಡಿಯುವದು ಒಂದು, ಸಮುದ್ರಯಾನವು ಇನ್ನೊಂದು. ತಂಗಳಬುತ್ತಿಯ ನಾವು ಒಂದು ಕಡೆಗೆ, ಮದ್ಯವೂ ಕಡಲೂ ಮತ್ತೊಂದು ಕಡೆಗೆ! ಈ ಎರಡು ಪಟ್ಟಿಗಳು ಒಂದೇ ಬಾಗಿಲಲ್ಲಿ ಸಂಧಿಸಿದ್ದನ್ನು ನೋಡುವ ಪ್ರಸಂಗವು ನಿವೃತ್ತರಾದ ಮೇಲೆ ನಮಗೆ ಒದಗಿತು.

ನಮ್ಮ ಹಿರಿಯ ಮಗನು ಅಮೆರಿಕದ ಹ್ಯೂಸ್ಟನ್ ಪಟ್ಟಣದಲ್ಲಿ ನೌಕರಿಯಲ್ಲಿದ್ದಾನೆ. 2024ನೆಯ ಇಸವಿಯ ಡಿಸೆಂಬರದಲ್ಲಿ ನಾವು ದಂಪತಿಗಳು ಅವನಲ್ಲಿಗೆ ಹೋದಾಗ, ಅವನು ಗ್ಯಾಲ್ವೆಸ್ಟನ್ ಬಂದರದಿಂದ ಮೆಕ್ಸಿಕೋ ದೇಶದ ಕರಾವಳಿಗೆ ಹೋಗಿಬರುವ ಒಂದು ವಿಹಾರದ ಹಡಗಿನಲ್ಲಿ ಐದು ರಾತ್ರಿಗಳ ಪ್ರಯಾಣವನ್ನು ಗೊತ್ತುಮಾಡಿದನು. ಜತೆಗೆ ಅವನ ಕಚೇರಿಯ ಗೆಳೆಯನ ಕುಟುಂಬವೂ ಇತ್ತು. ಆ ಗೆಳೆಯನ ತಂದೆಯವರು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು. ಅವರನ್ನು ಇಲ್ಲಿ ಗೌಡರೆಂದೇ ಕರೆಯುವೆವು. ಅವರ ಕಡೆಯ ದ್ರಾಕ್ಷಿಯಲ್ಲಿ ಬಹುಭಾಗವು ಒಣಗಿ ಮಣೂಕವಾಗುವದು. ಆದರೆ 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾರಸದ ಉದ್ಯಮಕ್ಕೆಂದೇ ಪ್ರತ್ಯೇಕ ಧೋರಣೆಯನ್ನು ಹೊರಡಿಸಿದ ಮೇಲೆ ಕೆಲವರು ವೈನಿನ ಜಾತಿಯ ಬಳ್ಳಿಗಳನ್ನೂ ನೆಟ್ಟರು, ಗೌಡರು ಅವರಲ್ಲೊಬ್ಬರು. ತಮ್ಮ ತೋಟದ ಹಣ್ಣು ಸೇರಿ ತಯಾರಾದ ವೈನಿನ ಒಂದು ಸೀಸೆಯನ್ನು ಅವರು ಸಾವಿರಾರು ಮೈಲು ಹೊತ್ತು ತಂದಿದ್ದರು. ಹಡಗಿನ ಊಟದಲ್ಲಿ ಮಗನ ಮುಂದೆ ಅದರ ಬೂಚು ತೆಗೆಯಬೇಕೆಂಬದು ಅವರ ಆಸೆ. ನಮ್ಮ ಮನೆಯವರಾದರೋ ಹ್ಯೂಸ್ಟನ್ನಿನಲ್ಲಿ ಜೋಳದ ಹಿಟ್ಟು ದೊರೆಯುವದೆಂದು ತಿಳಿದ ಕೂಡಲೆ ಎರಡು ದಿನ ಒಲೆಯ ಮುಂದೆ ನಿಂತು ಇಪ್ಪತ್ತೈದು ರೊಟ್ಟಿಗಳನ್ನು ಬಡಿದು, ಖಡಕಾಗಿಸಿ ಕಟ್ಟಿದ್ದರು. ಮೂರು ವರ್ಷ ತಾಯಿಯ ಕೈಯ ರೊಟ್ಟಿಯನ್ನು ಉಣ್ಣದ ಮಗನಿಗಾಗಿ ಆದ ಸಿದ್ಧತೆಯದು.

ಬಂದರದ ತಪಾಸಣೆಯಲ್ಲಿ ಸೀಸೆಯು ಒಳಗೆ ಹೋಯಿತು, ರೊಟ್ಟಿಯು ಹೋಗಲಿಲ್ಲ. ವಯಸ್ಕನಾದ ಪ್ರತಿಯೊಬ್ಬ ಪ್ರಯಾಣಿಕನು 750 ಮಿಲಿಲೀಟರಿನ ಒಂದು ವೈನಿನ ಸೀಸೆಯನ್ನು ಹಡಗು ಹತ್ತುವ ದಿನ ತರಬಹುದು. ಮನೆಯಲ್ಲಿ ಬೇಯಿಸಿದ ತಿನಿಸನ್ನು ತರಕೂಡದು. ಕಾರಖಾನೆಯಲ್ಲಿ ಮುದ್ರೆ ಬಿದ್ದ ಪೊಟ್ಟಣವಾದರೆ ಅಡ್ಡಿಯಿಲ್ಲ — ಇದು ಅಲ್ಲಿಯ ಕಟ್ಟಳೆ. ಕಾವಲಿನವನು ಒರಟನಾಗಿರಲಿಲ್ಲ, ಕ್ಷಮೆ ಕೇಳಿಯೇ ಗಂಟನ್ನು ತೊಟ್ಟಿಗೆ ಹಾಕಿದನು. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ, “ಸೆರೆಗೆ ಬಾಗಲಾ ತಗದು ರೊಟ್ಟಿಗೆ ಬಾಗಲಾ ಹಾಕ್ಯಾರಲ್ಲರೀ, ಇದ್ಯಾವ ನ್ಯಾಯ?” ಎಂದರು. ನಾವು ಮದ್ಯವನ್ನು ಮುಟ್ಟಿದವರಲ್ಲ. ಮುಟ್ಟುವವರ ಪರವಾಗಿ ವಕೀಲಿಯನ್ನು ಮಾಡುವವರೂ ಅಲ್ಲ. ಆ ಪ್ರಶ್ನೆಗೆ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡುವದು ಸಾಧ್ಯವಿರಲಿಲ್ಲ. ಐದು ದಿನ ಅದನ್ನು ಆಲೋಚಿಸಿದೆವು.

ಮೊದಲಿನ ರಾತ್ರಿಯ ಊಟದಲ್ಲಿ ಗೌಡರ ಪಾಳಿಯು ಬಂದಿತು. ಬಡಿಸುವವನು ಗೋವೆಯ ತರುಣನು. ಸೀಸೆಯನ್ನು ನೋಡಿ, ತಾನೇ ಬೂಚು ತೆಗೆದು ಗಾಜಿನ ಪಾತ್ರೆಗಳಿಗೆ ಬಡಿಸುವೆನೆಂದೂ, ಅದಕ್ಕೆ 15 ಡಾಲರು ಆಗುವದೆಂದೂ ವಿನಯದಿಂದ ತಿಳಿಸಿದನು. ಅವರ ಭಾಷೆಯಲ್ಲಿ ಈ ಶುಲ್ಕಕ್ಕೆ ಕಾರ್ಕೇಜ್ ಎಂದು ಹೆಸರು. ಗೌಡರು ಸಿಟ್ಟಾದರು. “ಮಾಸ್ತರ, ಬಳ್ಳಿ ನಮ್ಮದು, ಹಣ್ಣು ನಮ್ಮದು, ಬಾಟ್ಲಿಗೆ ರೊಕ್ಕಾ ಕೊಟ್ಟಾಂವ ನಾನು. ಬೂಚ ತಗ್ಯಾಕ ಇವರಿಗೆ ಹದಿನೈದು ಡಾಲರ ಅಂದ್ರ ಹೆಂಗ?”

ಗೌಡರಿಗೆ ನಾವು ಕೌಟಿಲ್ಯನ ಮಾತನ್ನು ಹೇಳಿದೆವು. ಮೈಸೂರಿನ ಪ್ರಾಚ್ಯ ಗ್ರಂಥಭಾಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು, 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದುಂಟು. ದ್ರಾಕ್ಷಾರಸವನ್ನು ಅಲ್ಲಿ ‘ಮಧು’ವೆಂದು ಕರೆದು, ಅದು ಹುಟ್ಟಿದ ದೇಶದಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕವೆಂಬ ಹೆಸರುಗಳೆಂದು ಹೇಳಲಾಗಿದೆ. ಬಿಜಾಪುರದ ಸೀಸೆಗೆ ತನ್ನ ಊರಿನ ಹೆಸರೇ ಬೇಕೆನ್ನುವ ಗೌಡರ ಅಭಿಮಾನವು ಹೊಸದೇನೂ ಅಲ್ಲ. ಅದೇ ಪ್ರಕರಣದಲ್ಲಿ, ರಾಜನ ಸರಕಲ್ಲದ ಮದ್ಯವನ್ನು ಮಾರುವವರು ನೂರಕ್ಕೆ ಐದರಂತೆ ಶುಲ್ಕವನ್ನು ಕೊಡತಕ್ಕದ್ದೆಂದು ವಿಧಿಯಿದೆ. “ಗೌಡರೇ, ಹಡಗೇ ಇಲ್ಲಿ ರಾಜ್ಯ. ನಿಮ್ಮದು ರಾಜಪಣ್ಯವಲ್ಲ. ಆದುದರಿಂದ ಶುಲ್ಕ” ಎಂದಾಗ ಅವರು ನಕ್ಕರು; ಆದರೆ ಪೂರ್ತಿ ಒಪ್ಪಲಿಲ್ಲ. ಅವರನ್ನು ಒಪ್ಪಿಸಿದವನು ಗೋವೆಯ ತರುಣನೇ. ಅವನು ಆರು ಪಾತ್ರೆಗಳನ್ನು ಒರೆಸಿ ತಂದನು, ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟನು, ಮೊದಲ ಗುಟುಕನ್ನು ಗೌಡರಿಗೇ ಬಡಿಸಿ ಅಪ್ಪಣೆಗಾಗಿ ಕಾದು ನಿಂತನು. ತಮ್ಮ ಹೊಲದ ರಸಕ್ಕೆ ಪರದೇಶದ ಪಂಕ್ತಿಯಲ್ಲಿ ಅಂಥ ಉಪಚಾರ ದೊರೆತದ್ದನ್ನು ಕಂಡು ಗೌಡರ ಕಣ್ಣುಗಳು ತುಂಬಿಬಂದವು. ಶುಲ್ಕವು ಬೂಚಿನದಲ್ಲ, ಆ ಉಪಚಾರದ್ದೆಂದು ಅವರಿಗೆ ಆಗ ಹೊಳೆಯಿತು.

ಆದರೂ ವ್ಯವಹಾರದ ಮಾತನ್ನು ಮುಚ್ಚಿಡಬಾರದು. ವಿಹಾರದ ಹಡಗುಗಳ ಕಂಪನಿಗಳು ಪ್ರಯಾಣದ ದರವನ್ನು ಇಳಿಸಿ, ಮದ್ಯ, ಜೂಜು, ದಂಡೆಯ ಮೇಲಿನ ತಿರುಗಾಟ ಮೊದಲಾದವುಗಳ ಮಾರಾಟದಿಂದ ಲಾಭವನ್ನು ತುಂಬಿಕೊಳ್ಳುತ್ತವೆ. ಪ್ರಯಾಣಿಕನು ನಡುಗಡಲಲ್ಲಿ ಬೇರೊಂದು ಅಂಗಡಿಗೆ ಹೋಗಲಾರನು. ಆದುದರಿಂದಲೇ ಬ್ರಾಂಡಿ, ವಿಸ್ಕಿ ಮೊದಲಾದವುಗಳನ್ನು ಸಾಮಾನ್ಯವಾಗಿ ಒಳಗೆ ಬಿಡುವದಿಲ್ಲ. ನಡುವಣ ರೇವುಗಳಲ್ಲಿ ಕೊಂಡದ್ದನ್ನು ತಾವೇ ಇಟ್ಟುಕೊಂಡು ಪ್ರಯಾಣದ ಕೊನೆಗೆ ತಿರುಗಿ ಕೊಡುವರು. ವೈನಿನ ಒಂದು ಸೀಸೆಯ ವಿಷಯದಲ್ಲಿ ಮಾತ್ರ ಅನೇಕ ಕಂಪನಿಗಳದು ಸಡಿಲಿಕೆ.

ಇನ್ನು ರೊಟ್ಟಿಯ ಮಾತು. ಸಾವಿರಾರು ಜನರು ಒಂದೇ ಮಾಡಿನ ಕೆಳಗೆ ಉಣ್ಣುವ ಹಡಗಿನಲ್ಲಿ ವಾಂತಿಭೇದಿಯನ್ನು ಹಬ್ಬಿಸುವ ನೊರೋವೈರಸ್ ಎಂಬ ಸೂಕ್ಷ್ಮಜೀವಿಯು ದೊಡ್ಡ ಶತ್ರು. ಅನ್ನದಿಂದ, ಕೈಯಿಂದ, ಮುಟ್ಟಿದ ಹಿಡಿಕೆಯಿಂದ ಅದು ಹರಡುವದು. ಅಮೆರಿಕದ ಆರೋಗ್ಯ ಇಲಾಖೆಯವರು ಮುನ್ಸೂಚನೆ ಕೊಡದೆ ಹಡಗನ್ನು ಹತ್ತಿ ಅಡಿಗೆಮನೆಯನ್ನು ಪರೀಕ್ಷಿಸಿ 100ಕ್ಕೆ ಇಷ್ಟೆಂದು ಅಂಕಗಳನ್ನು ಕೊಡುವರು. 85 ಅಥವಾ ಅದಕ್ಕೂ ಕಡಿಮೆ ಬಂದರೆ ಹಡಗು ನಪಾಸು. ನಮ್ಮ ಶಾಲೆಗಳಲ್ಲಿ 35ಕ್ಕೆ ಪಾಸು ಮಾಡಿದ ನಮಗೆ ಈ ಕಟ್ಟುನಿಟ್ಟು ವಿಸ್ಮಯವನ್ನುಂಟುಮಾಡಿತು. ತಿಂಗಳಾದರೂ ಕೆಡದ ಖಡಕು ರೊಟ್ಟಿಯಿಂದ ಅಪಾಯವೇನೆಂದು ಮನೆಯವರು ಕೇಳಿದ್ದು ಸರಿಯೇ. ಆದರೆ ಬಾಗಿಲಲ್ಲಿ ನಿಂತವನಿಗೆ ರೊಟ್ಟಿಯ ಗುಣವೂ ತಿಳಿಯದು, ಬಡಿದ ಕೈಯ ಶುಚಿಯೂ ತಿಳಿಯದು. ಯಂತ್ರದ ಮುದ್ರೆಯೊಂದೇ ಅವನಿಗೆ ಪ್ರಮಾಣ. ತಾಯಿಯ ಕೈಗಿಂತ ಯಂತ್ರಕ್ಕೆ ಹೆಚ್ಚಿನ ವಿಶ್ವಾಸ ದೊರೆಯುವ ಕಾಲದಲ್ಲಿ ನಾವಿದ್ದೇವೆ. ಇದು ವ್ಯಸನದ ಮಾತು, ಆದರೆ ಅವನ ಅಪರಾಧವಲ್ಲ.

ಇಲ್ಲಿಂದ ನಮಗೊಂದು ವಿವೇಕವು ದೊರೆಯಿತು. ಯಾವ ನಿಷೇಧವು ಹಣ ಕೊಟ್ಟರೆ ಸಡಿಲಾಗುವದೋ ಅದು ವ್ಯಾಪಾರದ ನಿಷೇಧ. ಯಾವದು ಎಷ್ಟು ಕೊಟ್ಟರೂ ಸಡಿಲಾಗದೋ ಅದು ಕ್ಷೇಮದ ನಿಷೇಧ. ಸೀಸೆಯದು ಮೊದಲನೆಯ ಜಾತಿ, ರೊಟ್ಟಿಯದು ಎರಡನೆಯದು. ಮೊದಲನೆಯದಕ್ಕೆ ನ್ಯಾಯವಾದ ಕೂಲಿಯನ್ನು ತೆತ್ತು ತೀರಿಸಬೇಕು. ಎರಡನೆಯದನ್ನು ನಾಲ್ಕು ಜನರ ಹಿತಕ್ಕಾಗಿ ನಡೆಸಿಕೊಡಬೇಕು. ವ್ಯಾಪಾರವೇ ಕ್ಷೇಮದ ವೇಷವನ್ನು ಹಾಕಿ ಬಂದಾಗ ಮಾತ್ರ ಗೃಹಸ್ಥನು ಬಾಯಿ ಬಿಡಬೇಕು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ಸಿನೇಮಾ ಮಂದಿರಗಳ ವಿಷಯದಲ್ಲಿ ಇಂಥದೇ ಗೆರೆಯನ್ನು ಎಳೆಯಿತು: ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಮಂದಿರದ ಒಡೆಯನಿಗುಂಟು, ಆದರೆ ಕುಡಿಯುವ ಶುದ್ಧ ನೀರನ್ನು ಪುಕ್ಕಟೆ ಒದಗಿಸತಕ್ಕದ್ದು, ಕೂಸುಗಳಿಗಾಗಿ ತಾಯಿತಂದೆಗಳು ತಂದ ಆಹಾರವನ್ನು ತಡೆಯತಕ್ಕದ್ದಲ್ಲ. ಲಾಭಕ್ಕೂ ಒಂದು ಮೇರೆಯಿದೆಯೆಂಬದು ಇದರ ತಾತ್ಪರ್ಯ.

ಯಾವ ಕಟ್ಟಳೆಯೂ ಬೇಡವೆನ್ನುವವನಿಗೆ ಒಂದೇ ದಾರಿ. ಅದನ್ನು ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗರು ತೋರಿಸಿದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಇಂಗ್ಲಂಡಕ್ಕೆ ಹೋಗುವಾಗ ಅವರು ಒಲಿಂಪಿಯಾ ಎಂಬ ಹಡಗನ್ನೇ ಬಾಡಿಗೆಗೆ ಹಿಡಿದು, ದೊಡ್ಡ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಕೊಂಡು ಹೋದರು. ಅಂಥ ಎರಡು ಹಂಡೆಗಳು ಇಂದಿಗೂ ಜಯಪುರದ ಅರಮನೆಯಲ್ಲಿವೆ. ಒಂದೊಂದರ ತೂಕವು 300 ಕಿಲೋಗ್ರಾಂಗಿಂತ ಹೆಚ್ಚು. ಸ್ವಂತದ ಪಾನೀಯವನ್ನು ಯಾರ ಹಂಗೂ ಇಲ್ಲದೆ ಕುಡಿಯಬೇಕಾದರೆ ಹಡಗೇ ಸ್ವಂತದ್ದಾಗಬೇಕು! ಉಳಿದವರು ಪಂಕ್ತಿಧರ್ಮಕ್ಕೆ ಒಳಪಡಬೇಕು.

ಮರುದಿನದ ಊಟದ ಸಂಗತಿಯನ್ನು ಹೇಳದಿದ್ದರೆ ಮನೆಯವರಿಗೆ ಅನ್ಯಾಯ ಮಾಡಿದಂತಾದೀತು. ಅವರ ಚೀಲದಲ್ಲಿ ಬೆಳಗಾವಿಯ ಅಂಗಡಿಯಿಂದ ತಂದ, ಮುದ್ರೆ ಬಿದ್ದ ಶೇಂಗಾ ಚಟ್ನಿಯ ಪೊಟ್ಟಣವೊಂದು ಉಳಿದಿತ್ತು. ಅದನ್ನು ತೆಗೆದು ಮೊದಲು ಗೋವೆಯ ತರುಣನಿಗೆ ತೋರಿಸಿ, “ಇದನ್ನ ಬಿಚ್ಚಲೇನಪ್ಪಾ?” ಎಂದು ಮಗನ ಬಾಯಿಂದ ಕೇಳಿಸಿದರು. ಅವನು ಒಂದು ಬಟ್ಟಲನ್ನೂ ಚಮಚೆಯನ್ನೂ ತಂದಿಟ್ಟನು; ಕೇಳದಿದ್ದರೂ ಮೊಸರನ್ನು ತಂದನು. ಚಟ್ನಿಯು ನಮ್ಮ ಮೇಜನ್ನು ಸುತ್ತಿ, ನೆರೆಯ ಮೇಜಿನ ಅಮೆರಿಕದ ವೃದ್ಧ ದಂಪತಿಗಳವರೆಗೂ ಹೋಯಿತು. ಅವರು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಇನ್ನಷ್ಟು ಬೇಡಿದರು. ಅದಕ್ಕೆ ಯಾರೂ ಶುಲ್ಕವನ್ನು ಕೇಳಲಿಲ್ಲ. ಮಗನು ರೊಟ್ಟಿಯ ಬದಲಾಗಿ ಬ್ರೆಡ್ಡಿಗೆ ಚಟ್ನಿಯನ್ನು ಹಚ್ಚಿ ತಿಂದು, “ಅವ್ವಾ, ಊರ ನೆನಪಾತು” ಎಂದನು. ತೊಟ್ಟಿಗೆ ಬಿದ್ದ ಇಪ್ಪತ್ತೈದು ರೊಟ್ಟಿಗಳ ದುಃಖವು ಆ ಒಂದು ಮಾತಿನಿಂದ ಅರ್ಧಕ್ಕೆ ಇಳಿಯಿತು. ಉಳಿದರ್ಧವು ಹ್ಯೂಸ್ಟನ್ನಿಗೆ ಮರಳಿ ಮತ್ತೆ ರೊಟ್ಟಿ ಬಡಿದ ದಿನ ಹೋಯಿತು.

ದೂರದೇಶದ ಮಕ್ಕಳಲ್ಲಿಗೆ ಹೊರಡುವ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಏನನ್ನು ಒಯ್ಯಬಹುದೆಂಬದನ್ನು ಹೊರಡುವ ಮೊದಲೇ ಕೇಳಿ ತಿಳಿಯಿರಿ. ಕೈಯಡಿಗೆಯನ್ನು ಮನೆಯಲ್ಲಿಯೇ ಉಣ್ಣಿಸಿ, ಮುದ್ರೆಯ ಪೊಟ್ಟಣಗಳನ್ನು ದಾರಿಗೆ ಇಟ್ಟುಕೊಳ್ಳಿರಿ. ಬಿಚ್ಚುವ ಮೊದಲು ಪಂಕ್ತಿಯ ಒಡೆಯನನ್ನು ಕೇಳಿರಿ; ಬಡಿಸಿದವನ ಶ್ರಮಕ್ಕೆ ಬೆಲೆ ಕೊಡಿರಿ; ಬಿಚ್ಚಿದ ಮೇಲೆ ಹಂಚಿರಿ. ನಮ್ಮ ಸೀಮೆಯಲ್ಲಿ ನಾಗರಪಂಚಮಿಯ ಹಿಂದಿನ ದಿನ ರೊಟ್ಟಿಪಂಚಮಿಯೆಂದು ಓಣಿಯ ಮನೆಮನೆಗಳಿಗೆ ರೊಟ್ಟಿ ಪಲ್ಯಗಳನ್ನು ಬೀರುವ ಹಬ್ಬವಿದೆ. ಎಲ್ಲರ ಮನೆಯಲ್ಲಿಯೂ ರೊಟ್ಟಿಯುಂಟು. ಆದರೂ ನಮ್ಮದು ಅವರಿಗೆ, ಅವರದು ನಮಗೆ. ಹೊಟ್ಟೆಗಾಗಿ ಆ ಬೀರುವಿಕೆಯಲ್ಲ. ನಮ್ಮ ಕೈಯ ಅನ್ನವು ಇನ್ನೊಬ್ಬರ ಎಲೆಯ ಮೇಲೆ ಮರ್ಯಾದೆಯಿಂದ ಕುಳಿತಿತೆಂಬ ಸಮಾಧಾನಕ್ಕಾಗಿ ಅದು. ಗೌಡರ ಸೀಸೆಯೂ ಅದನ್ನೇ ಬೇಡಿತ್ತು.