ಆಲ್ಪ್ಸ್ ಸೀಮೆಯಲ್ಲಿ ಹತ್ತು ದಿನ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಯೂರೋಪು ಪ್ರವಾಸದ ವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಿದ್ದಾರೆ. ಬೇಸಗೆಯ ರಜೆಯಲ್ಲಿ ನಾವು ಐದು ಮಂದಿ ಉಪಾಧ್ಯಾಯಿನಿಯರು, ವರ್ಷಗಟ್ಟಲೆ ಚೀಟಿ ಕಟ್ಟಿ ಕೂಡಿಸಿದ ಹಣದಿಂದ, ಹತ್ತು ದಿನಗಳ ಮಟ್ಟಿಗೆ ಸ್ವಿಟ್ಸರ್ಲೆಂಡ್ ದೇಶಕ್ಕೆ ಹೋಗಿ ಬಂದೆವು. ಕಂಡುದೆಲ್ಲವನ್ನೂ ಬರೆಯಹೊರಟರೆ ವಿದ್ಯಾರ್ಥಿನಿಯರ ಲೇಖನಗಳಿಗೆ ಸ್ಥಳವಿರಲಾರದು. ಆದುದರಿಂದ ಎರಡು ಪಟ್ಟಣಗಳನ್ನೂ ಒಂದು ಬೆಟ್ಟದ ಹಳ್ಳಿಯನ್ನೂ ಮಾತ್ರ ಆರಿಸಿಕೊಂಡಿದ್ದೇವೆ.

ಮೊದಲು ನಾವು ಇಳಿದುದು ಬಾಸೆಲ್ ಪಟ್ಟಣದಲ್ಲಿ. ಕನ್ನಡಿಗರಿಗೆ ಇದು ಅಪರಿಚಿತವಾದ ಹೆಸರಲ್ಲ. 1815ರಲ್ಲಿ ಇಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನೂ ಅಚ್ಚುಕೂಟವನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸಿದರು. ಇಲ್ಲಿ ಶಿಕ್ಷಣ ಪಡೆದು 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಪಂಡಿತರು ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಶಬ್ದಕ್ಕೆ ಅರ್ಥ ತಿಳಿಯದೆ ತಡವರಿಸುವ ಹುಡುಗಿಯರಿಗೆ ನಾವು ಇಂದಿಗೂ ಆ ಗ್ರಂಥವನ್ನೇ ತೋರಿಸುತ್ತೇವೆ.

ಪಟ್ಟಣದ ನಡುವೆ ರೈನ್ ನದಿ ಹರಿಯುತ್ತದೆ. ದಡದ ಎತ್ತರದಲ್ಲಿ ಕೆಂಪು ಮರಳುಗಲ್ಲಿನ ದೊಡ್ಡ ದೇವಾಲಯವಿದೆ. 1019ರಲ್ಲಿ ಪ್ರತಿಷ್ಠೆಯಾದ ಆ ಮಂದಿರವು 1356ರ ಭೂಕಂಪದಲ್ಲಿ ಬಹಳ ಹಾನಿಗೊಂಡು ಪುನಃ ಎದ್ದಿತು. ಅದರ ಕೆಳಗೆ ನದಿಯನ್ನು ದಾಟಿಸುವ ಒಂದು ದೋಣಿಯುಂಟು. ಅದಕ್ಕೆ ಹುಟ್ಟಿಲ್ಲ, ಹಾಯಿಯಿಲ್ಲ, ಯಂತ್ರವೂ ಇಲ್ಲ. ದಡದಿಂದ ದಡಕ್ಕೆ ಎಳೆದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಬಿಗಿದಿದ್ದಾರೆ. ಅಂಬಿಗನು ಅದನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದರೆ ನೀರಿನ ಒತ್ತಡವೇ ಅದನ್ನು ಆಚೆಗೆ ನೂಕುತ್ತದೆ. ನಮ್ಮೊಡನಿದ್ದ ವಿಜ್ಞಾನದ ಉಪಾಧ್ಯಾಯಿನಿಯವರು ಮೂರು ಸಲ ಹೋಗಿ ಬಂದರು. ಬಲಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದೆಂದು ಅವರ ಅಭಿಪ್ರಾಯ.

ಅಲ್ಲಿಂದ ರೈಲಿನಲ್ಲಿ ಬರ್ನ್ ನಗರಕ್ಕೆ ಹೋದೆವು. ಆರೆ ನದಿಯು ಮೂರು ಕಡೆ ಬಳಸಿ ಹರಿಯುವ ಈ ಊರು 1191ರಲ್ಲಿ ಸ್ಥಾಪಿತವಾದುದು. 1405ರಲ್ಲಿ ಬೆಂಕಿಗೆ ತುತ್ತಾದ ಬಳಿಕ ಕಲ್ಲಿನಲ್ಲಿ ಕಟ್ಟಿಕೊಂಡಿತು. ಬೀದಿಯ ಎರಡು ಪಕ್ಕಗಳಲ್ಲಿಯೂ ಕಮಾನಿನ ಪಡಸಾಲೆಗಳು ಸುಮಾರು 6 ಕಿಲೋಮೀಟರ್ ಉದ್ದಕ್ಕೆ ಹಬ್ಬಿವೆ. ಮಳೆ ಬಂದರೂ ಕೊಡೆ ಬೇಡ. ನೂರಕ್ಕೆ ಮೇಲ್ಪಟ್ಟು ಕಾರಂಜಿಗಳಿವೆ. ನಾಮದ ಚಿಲುಮೆಯ ನೀರನ್ನು ಬೊಗಸೆಯಲ್ಲಿ ಕುಡಿದು ಬೆಳೆದ ನಮಗೆ ಬೀದಿಯ ಕಾರಂಜಿಗೆ ಬೊಗಸೆಯೊಡ್ಡುವುದು ಹೊಸದೆನಿಸಲಿಲ್ಲ. ಇನ್ನೊಂದು ಮಾತು: ತುಮಕೂರಿನ ಬಳಿಯ ಕೈದಾಳದಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವು 1150ರ ಸುಮಾರಿನದು, ಬರ್ನ್ ನಗರಕ್ಕಿಂತ ನಾಲ್ವತ್ತು ವರ್ಷ ಹಿರಿದು. ಇದನ್ನು ಲೆಕ್ಕ ಹಾಕಿದಾಗ ನಮ್ಮಲ್ಲಿ ಒಬ್ಬರು, "ಹಾಗಾದರೆ ನಾವು ಕೈದಾಳಕ್ಕೆ ಹೋಗಿ ಎಷ್ಟು ವರ್ಷವಾಯಿತು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಈ ಊರಿನಲ್ಲಿ ನಮಗೆ ಒಂದು ಸ್ವಂತದ ಕೆಲಸವಿತ್ತು. 1978ರಲ್ಲಿ ತುಮಕೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾದಾಗ ನಮ್ಮ ತಂದೆಯವರು ಅಲ್ಲಿ ಕೆಲಸಕ್ಕೆ ಸೇರಿದರು. ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಚಿಮಟದಿಂದ ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಕೂಡಿಸುತ್ತ ಅವರು ನಮ್ಮನ್ನು ಓದಿಸಿದರು. ಅವರು ನಿವೃತ್ತರಾದ ಮೇಲೆ, 2016ರಲ್ಲಿ, ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚುವುದೆಂದು ಕೇಂದ್ರ ಸರ್ಕಾರವು ನಿಶ್ಚಯಿಸಿತು. ನಾವು ಹೊರಡುವ ಹಿಂದಿನ ದಿನ ತಂದೆಯವರು, "ಬರ್ನ್ ಊರಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವರು ಯಾರು, ಕೇಳಿಕೊಂಡು ಬಾ ಮಗಳೇ" ಎಂದರು. ಬೇರೆ ಏನನ್ನೂ ತರಹೇಳಲಿಲ್ಲ.

ಆ ಗೋಪುರಕ್ಕೆ ಆ ಊರವರ ಮಾತಿನಲ್ಲಿ ಜೀಟ್‌ಗ್ಲಾಗ್ಗೆ ಎಂದು ಹೆಸರು. ಗಂಟೆ ಹೊಡೆಯುವುದಕ್ಕೆ ಕೆಲವು ನಿಮಿಷ ಮೊದಲು ಗೋಪುರದ ಕೋಳಿಹುಂಜ ಕೂಗುತ್ತದೆ. ಕರಡಿಗಳ ಪುಟ್ಟ ಮೆರವಣಿಗೆ ಸುತ್ತುತ್ತದೆ. ಕೆಳಗೆ ನಿಂತ ಜನರೆಲ್ಲ ಮಕ್ಕಳಂತೆ ನಗುತ್ತಾರೆ. ಒಳಗೆ ಹತ್ತಿ ನೋಡಿದೆವು: 1530ರಲ್ಲಿ ಕಾಸ್ಪರ್ ಬ್ರುನ್ನರ್ ಎಂಬಾತನು ಮಾಡಿದ ಕಬ್ಬಿಣದ ಯಂತ್ರ, ಹಗ್ಗಕ್ಕೆ ಕಟ್ಟಿದ ಕಲ್ಲಿನ ಭಾರಗಳು. ದಿನದಿನವೂ ಒಬ್ಬ ಮನುಷ್ಯನು ಬಂದು ಆ ಭಾರಗಳನ್ನು ಕೈಯಿಂದಲೇ ಸುತ್ತಿ ಮೇಲಕ್ಕೆತ್ತುತ್ತಾನೆಂದು ತಿಳಿಯಿತು. ಊರಿಗೆ ಬಂದು ಇದನ್ನು ಹೇಳಿದಾಗ ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಇನ್ನೂ ನಡೆಯುತ್ತದೆ" ಎಂದರು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳು ನಮ್ಮ ಶಾಲೆಯಲ್ಲಿ ಅನೇಕರಿದ್ದಾರೆ. ತಂದೆತಾಯಿಯರ ಕೈಕೆಲಸದ ವಿಷಯವಾಗಿ ಅವರು ಮನೆಯಲ್ಲಿ ಕೇಳಿ ತಿಳಿದುಕೊಳ್ಳಬೇಕೆಂದು ನಮ್ಮ ಆಶೆ.

ಕೊನೆಯ ನಾಲ್ಕು ದಿನ ವೆಂಗೆನ್ ಎಂಬ ಬೆಟ್ಟದ ಹಳ್ಳಿಯಲ್ಲಿ ತಂಗಿದ್ದೆವು. ಇಲ್ಲಿಗೆ ಮೋಟಾರು ದಾರಿಯಿಲ್ಲ. ಹಲ್ಲುಚಕ್ರದ ರೈಲಿನಲ್ಲಿ ಏರಬೇಕು. ಊರಿನ ಎತ್ತರ 1,274 ಮೀಟರ್, ನಮ್ಮ ದೇವರಾಯನದುರ್ಗಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಎದುರಿಗೆ ಹಿಮದ ಶಿಖರಗಳು! ಮರದ ಮನೆಗಳು, ಹಸುಗಳ ಕೊರಳ ಗಂಟೆ, ಕೆಳಗೆ ಕಣಿವೆಯಲ್ಲಿ ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಸ್ಟೌಬಾಖ್ ಜಲಪಾತ. ಇಲ್ಲಿಂದ 1912ರಲ್ಲಿ ಪೂರ್ತಿಯಾದ ರೈಲುಮಾರ್ಗವು ಬೆಟ್ಟಗಳ ಹೊಟ್ಟೆಯನ್ನು ಕೊರೆದು 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಕರೆದೊಯ್ಯುತ್ತದೆ. ಅದನ್ನು ಕೊರೆದವರಲ್ಲಿ ಬಹುಮಂದಿ ಇಟಲಿಯ ಬಡ ಕೂಲಿಗಳು. ಮೇಲೆ ಆಲೆಚ್ ಹಿಮನದಿಯನ್ನು ಕಂಡೆವು. ಆಲ್ಪ್ಸ್ ಪರ್ವತಗಳಲ್ಲಿಯೇ ಅತ್ಯಂತ ದೊಡ್ಡದಾದ ಅದು ಭೂಮಿಯ ತಾಪ ಏರುತ್ತಿರುವುದರಿಂದ ವರ್ಷೇ ವರ್ಷೇ ಕುಗ್ಗುತ್ತಿದೆ.

ನಾವಿದ್ದ ಮನೆಯೊಡತಿಯವರು ಎಪ್ಪತ್ತು ದಾಟಿದ ಹಿರಿಯರು. ಒಂದು ಸಾಯಂಕಾಲ ಅವರು ಹೇಳಿದ ಮಾತು ಹಿಮಶಿಖರಗಳಿಗಿಂತ ಹೆಚ್ಚಾಗಿ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಆ ದೇಶದಲ್ಲಿ ಸ್ತ್ರೀಯರಿಗೆ ರಾಷ್ಟ್ರೀಯ ಮತದಾನದ ಹಕ್ಕು ದೊರೆತುದು 1971ರ ಫೆಬ್ರವರಿ 7ರಂದು. ಅದನ್ನು ಕೊಡಬೇಕೇ ಬೇಡವೇ ಎಂಬುದನ್ನು ಮತ ಹಾಕಿ ತೀರ್ಮಾನಿಸಿದವರು ಗಂಡಸರು. 1959ರಲ್ಲಿ ಅವರೇ ಅದನ್ನು ನಿರಾಕರಿಸಿದ್ದರು. "ನಮ್ಮ ತಾಯಿ ದಿನವೂ ವೃತ್ತಪತ್ರಿಕೆ ಓದುತ್ತಿದ್ದಳು. ಮೊದಲ ಮತ ಹಾಕುವಾಗ ಅವಳಿಗೆ ಐವತ್ತು ವರ್ಷ" ಎಂದರು ಆಕೆ. 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ನಮ್ಮ ಅಜ್ಜಿಯವರು ಗುರುತು ಅಂಟಿಸಿದ ಪೆಟ್ಟಿಗೆಯಲ್ಲಿ ಮತಪತ್ರ ಹಾಕಿ ಬಂದುದನ್ನು ನಾವು ಹೇಳಿದೆವು. ಆಕೆ ಬೆರಗಾಗಿ, "ನಿಮ್ಮ ಅಜ್ಜಿ ಎಷ್ಟು ಓದಿದ್ದರು?" ಎಂದು ಕೇಳಿದರು. ನಮ್ಮ ಅಜ್ಜಿಯವರಿಗೆ ಅಕ್ಷರಜ್ಞಾನವಿರಲಿಲ್ಲ. ರುಜುವಿನ ಬದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಒಬ್ಬಳಿಗೆ ಓದು ಇದ್ದು ಮತವಿರಲಿಲ್ಲ. ಇನ್ನೊಬ್ಬಳಿಗೆ ಮತವಿದ್ದು ಓದು ಇರಲಿಲ್ಲ. ನಾವಿಬ್ಬರೂ ಆ ಇಬ್ಬರು ಹೆಂಗಸರನ್ನು ನೆನೆಯುತ್ತ ದೀಪ ಹೊತ್ತಿಸುವುದನ್ನು ಮರೆತು ಕುಳಿತಿದ್ದೆವು.

ಪ್ರಿಯ ವಿದ್ಯಾರ್ಥಿನಿಯರೇ, ನಿಮಗೆ ಓದೂ ಇದೆ. ಹದಿನೆಂಟು ತುಂಬಿದೊಡನೆ ಮತವೂ ಬರುವುದು. ಈ ದಸರೆಯ ರಜೆಯಲ್ಲಿ ನೀವು ಒಂದು ಕೆಲಸ ಮಾಡಬೇಕು. ಗುಬ್ಬಿಯವರಾಗಲಿ, ಕುಣಿಗಲಿನವರಾಗಲಿ, ವಸಂತನರಸಾಪುರದವರಾಗಲಿ, ಮನೆಯ ಹಿರಿಯ ಹೆಂಗಸರ ಬಳಿ ಕುಳಿತು, ಅವರು ಎಷ್ಟನೆಯ ತರಗತಿಯವರೆಗೆ ಓದಿದರು, ಏಕೆ ಬಿಟ್ಟರು, ಮೊದಲ ಮತವನ್ನು ಯಾವಾಗ ಹಾಕಿದರು ಎಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದು ತನ್ನಿರಿ. ಅವನ್ನೆಲ್ಲ ಒಂದು ಪುಸ್ತಕವಾಗಿ ಹೊಲಿಸಿ ಶಾಲೆಯ ಭಂಡಾರದಲ್ಲಿ ಇಡುತ್ತೇವೆ. ಮೊದಲ ಪುಟದಲ್ಲಿ ನಮ್ಮ ಅಜ್ಜಿಯವರ ವೃತ್ತಾಂತವನ್ನು ನಾವೇ ಬರೆದುಕೊಡುವೆವು.